ಹಲ್ಲಿಯ ಬಾಲ, ಹೊಳೆಯ ತಲೆ

ಪೆಸಿಫಿಕ್ ಮಹಾಸಾಗರದ ನಡುವೆ ಚದುರಿಕೊಂಡಿರುವ ಹವಾಯಿ ದ್ವೀಪಗಳಲ್ಲಿ ಓವಾಹು ಎಂಬುದು ಒಂದು. ರಾಜಧಾನಿ ಹೊನೊಲುಲು ಇರುವುದು ಈ ದ್ವೀಪದ ದಕ್ಷಿಣ ತೀರದಲ್ಲಿ. ಇದರ ಈಶಾನ್ಯ ಮಗ್ಗುಲಿನಲ್ಲಿ ಕಾನೆಓಹೆ ಎಂಬ ಕೊಲ್ಲಿಯಿದೆ. ಆ ಕೊಲ್ಲಿಯ ಉತ್ತರ ತುದಿಯಲ್ಲಿ, ಕುವಲೋವಾ ಎಂಬ ಊರಿನ ದಡದಿಂದ ಸುಮಾರು ಅರ್ಧ ಕಿಲೋಮೀಟರು ದೂರದಲ್ಲಿ, ಕಡಲಿನಿಂದ ನೆಟ್ಟಗೆ ಎದ್ದು ನಿಂತ ಒಂದು ಕಪ್ಪು ಕಲ್ಲಿನ ನಡುಗಡ್ಡೆ ಕಾಣಿಸುತ್ತದೆ. ಎತ್ತರ 60 ಮೀಟರಿಗೆ ಸ್ವಲ್ಪ ಹೆಚ್ಚು. ಅಲ್ಲಿ ಮನುಷ್ಯರ ವಾಸವಿಲ್ಲ. ಅದರ ಹೆಸರು ಮೊಕೊಲಿಇ. ಹವಾಯಿ ಭಾಷೆಯಲ್ಲಿ ಈ ಮಾತಿಗೆ 'ಪುಟ್ಟ ಹಲ್ಲಿ' ಎಂದು ಅರ್ಥ.

ಇಷ್ಟು ಚಿಕ್ಕ ಕಲ್ಲುಗುಡ್ಡಕ್ಕೆ ಒಂದು ಹುಟ್ಟಿನ ಕಥೆಯಿದೆ. ಜ್ವಾಲಾಮುಖಿಯ ಅಧಿದೇವತೆ ಪೆಲೆ. ಆಕೆಯ ತಂಗಿಯರಲ್ಲಿ ಕಿರಿಯವಳೂ ಅಕ್ಕನಿಗೆ ಅಚ್ಚುಮೆಚ್ಚಿನವಳೂ ಆದವಳು ಹಿಯಿಯಾಕ. ದ್ವೀಪಮಾಲೆಯ ಇನ್ನೊಂದು ಕೊನೆಯಲ್ಲಿರುವ ಕವಾಯಿ ದ್ವೀಪದ ನಾಯಕ ಲೋಹಿಯಾವುವಿಗೆ ಪೆಲೆ ಮನಸೋಲುತ್ತಾಳೆ. ಅವನನ್ನು ಕರೆತರಲು ತಂಗಿಯನ್ನು ಕಳುಹಿಸುತ್ತಾಳೆ. ಹೊರಡುವ ಮುನ್ನ ತಂಗಿ ಅಕ್ಕನಿಂದ ಒಂದು ಭಾಷೆ ಪಡೆಯುತ್ತಾಳೆ. ತಾನು ಹಿಂದಿರುಗುವ ತನಕ ತನ್ನ ಪ್ರೀತಿಯ ಲೆಹುವಾ ಹೂವಿನ ಕಾಡನ್ನೂ ಗೆಳತಿ ಹೋಪೋಯೆಯನ್ನೂ ಅಕ್ಕ ತನ್ನ ಬೆಂಕಿಯಿಂದ ಸುಡಬಾರದು. (ಪೆಲೆ ಆ ಮಾತನ್ನು ಉಳಿಸಿಕೊಳ್ಳುವುದಿಲ್ಲ. ಅಲ್ಲಿಂದ ಮುಂದಿನದು ದೊಡ್ಡ ಕಥೆ.) ಹೀಗೆ ದ್ವೀಪದಿಂದ ದ್ವೀಪಕ್ಕೆ, ತೀರದಿಂದ ತೀರಕ್ಕೆ ಸಾಗುವ ಹಿಯಿಯಾಕಳಿಗೆ ಅಲ್ಲಲ್ಲಿ ದೈತ್ಯ ಹಲ್ಲಿಗಳು ಅಡ್ಡ ನಿಲ್ಲುತ್ತವೆ. ಕುವಲೋವಾದ ಬೆಟ್ಟದ ಬುಡಕ್ಕೆ ಬಂದಾಗ ಮೊಕೊಲಿಇ ಎಂಬ ಹಲ್ಲಿ ದಾರಿ ಕಟ್ಟುತ್ತದೆ. ಆಕೆ ಅದನ್ನು ಕೊಂದು ಬಾಲವನ್ನು ಕಡಿದು ಕಡಲಿಗೆ ಎಸೆಯುತ್ತಾಳೆ. ನೀರಿನ ಮೇಲೆ ಎದ್ದು ನಿಂತ ಆ ಬಾಲವೇ ನಡುಗಡ್ಡೆ. ಉಳಿದ ಮೈ ಬೆಟ್ಟದ ಗೋಡೆಗೂ ಕಡಲಿಗೂ ನಡುವಿನ ಸಮತಟ್ಟಾದ ನೆಲವಾಗಿ ಹರಡಿಕೊಳ್ಳುತ್ತದೆ. ದಾರಿಹೋಕರು ಇಂದಿಗೂ ನಡೆಯುವುದು ಆ ಮೈಯ ಮೇಲೆಯೇ.

ಈ ಪ್ರಸಂಗವೂ ಸೇರಿದಂತೆ ಹಿಯಿಯಾಕಳ ಪಯಣದ ಕಥೆ ಹವಾಯಿ ಭಾಷೆಯ ಪತ್ರಿಕೆಗಳಲ್ಲಿ ಕಂತುಕಂತಾಗಿ ಅಚ್ಚಾಯಿತು. ನಥೇನಿಯಲ್ ಎಮರ್ಸನ್ ಅದನ್ನು 1915ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥರೂಪಕ್ಕೆ ತಂದ.

ಕಥೆಯಲ್ಲಿ ಬರುವ ಹಲ್ಲಿಗೆ ಹವಾಯಿ ಜನ ಇಟ್ಟ ಹೆಸರು 'ಮೊಓ'. ಪಾಲಿನೇಷ್ಯದ ಇತರ ಭಾಷೆಗಳಲ್ಲಿ ಇದೇ ಶಬ್ದ 'ಮೊಕೊ' ಎಂದಿದೆ. ನಡುಗಡ್ಡೆಯ ಹೆಸರಿನಲ್ಲಿ ಆ ಹಳೆಯ ರೂಪ ಉಳಿದುಕೊಂಡಿದೆ. ವಿಚಿತ್ರವೆಂದರೆ ಹವಾಯಿಯಲ್ಲಿ ನೆಲದ ಮೇಲೆ ಹರಿದಾಡುವ ಸರೀಸೃಪಗಳು ಮೂಲತಃ ಇರಲೇ ಇಲ್ಲ. ಹಲ್ಲಿ, ಹಾವುರಾಣಿಯಂಥ ಸಣ್ಣ ಜೀವಿಗಳು ಬಂದದ್ದು ಪಾಲಿನೇಷ್ಯದ ನಾವಿಕರ ದೋಣಿಗಳಲ್ಲಿ, ಕೆಸುವಿನ ಗಡ್ಡೆ, ಬಾಳೆಯ ಕಂದುಗಳ ಜೊತೆಗೆ. ಆದರೂ ಅವರ ಕಥೆಗಳಲ್ಲಿ ಮೊಓ ಬೆಟ್ಟದಷ್ಟು ದೊಡ್ಡದು. ಅದು ಬರಿಯ ರಾಕ್ಷಸನೂ ಅಲ್ಲ. ಹೊಳೆಯ ಮಡು, ಒರತೆ, ಮೀನುಕೆರೆಗಳಲ್ಲಿ ನೆಲೆಸಿ ನೀರನ್ನು ಕಾಯುವ ಶಕ್ತಿ ಎಂಬ ನಂಬಿಕೆ ಅದರ ಸುತ್ತ ಬೆಳೆದಿದೆ. ಇದೇ ಕೊಲ್ಲಿಯ ದಕ್ಷಿಣಕ್ಕಿರುವ ಹೇಯಿಯಾ ಎಂಬಲ್ಲಿನ ಮೀನುಕೆರೆಗೆ ಮೆಹೆಯಾನು ಎಂಬ ಮೊಓ ಕಾವಲು. ನಾಗಬನದ ಪಕ್ಕ ಹುಟ್ಟಿ ಬೆಳೆದ ಕರಾವಳಿಯವರಿಗೂ ಮಲೆನಾಡಿನವರಿಗೂ ಈ ಭಾವನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪುರಾಣವನ್ನು ಕೇಳಿದೊಡನೆ ಅದರಲ್ಲಿ ವಿಜ್ಞಾನ ಅಡಗಿದೆ ಎಂದು ಸಾಧಿಸಲು ಹೊರಡುವ ಉತ್ಸಾಹ ಇತ್ತೀಚೆಗೆ ಎಲ್ಲೆಡೆ ಹೆಚ್ಚಿದೆ. ಮೊಕೊಲಿಇಯ ವಿಷಯದಲ್ಲಿ ಆ ಆಸೆ ಹುಟ್ಟುವುದು ಸುಲಭ. ಭೂವಿಜ್ಞಾನಿಗಳ ಪ್ರಕಾರ ಓವಾಹುವಿನ ಪೂರ್ವಭಾಗ ಒಂದು ಮಹಾ ಜ್ವಾಲಾಮುಖಿ. ಅದರ ಈಶಾನ್ಯದ ಮೈ ಲಕ್ಷಾಂತರ ವರ್ಷಗಳ ಹಿಂದೆ ಕುಸಿದು ಕಡಲಿಗೆ ಜಾರಿತು. ಉಳಿದ ಅಂಚೇ ಇಂದು ಗೋಡೆಯಂತೆ ನಿಂತಿರುವ ಕೋಓಲಾವು ಬೆಟ್ಟಸಾಲು. ಆ ಬೆಟ್ಟದ ಒಂದು ಏಣು ಮಳೆ, ಅಲೆಗಳಿಗೆ ಸವೆದು ಬೇರ್ಪಟ್ಟು ಮೊಕೊಲಿಇ ಆಯಿತು. ಬಾಲ ಕಡಿದದ್ದೆಂದು ಕಥೆ ಹೇಳಿದರೆ ಏಣು ತುಂಡಾದದ್ದೆಂದು ವಿಜ್ಞಾನ ಹೇಳುತ್ತದೆ, ನೋಡಿ ಎಷ್ಟು ಹೊಂದಿಕೆ ಎಂದು ಯಾರಾದರೂ ಹೇಳಬಹುದು. ಹಾಗೆ ಹೇಳಿದರೆ ಎರಡಕ್ಕೂ ಅನ್ಯಾಯವಾಗುತ್ತದೆ. ದಡದಲ್ಲಿ ನಿಂತು ಬೆಟ್ಟವನ್ನೂ ನಡುಗಡ್ಡೆಯನ್ನೂ ಒಂದೇ ನೋಟದಲ್ಲಿ ಕಂಡ ಯಾರಿಗಾದರೂ ಇವೆರಡೂ ಒಂದೇ ಕಲ್ಲು ಎನ್ನಿಸುವುದು ಸಹಜ. ಕಥೆ ಕಾಲಮಾನವನ್ನು ಹೇಳಲು ಹುಟ್ಟಿದ್ದಲ್ಲ. ಅದು ಸಂಬಂಧವನ್ನು ಹೇಳುತ್ತದೆ. ಕಡಲಿನಲ್ಲಿ ಒಂಟಿಯಾಗಿ ನಿಂತಂತೆ ಕಾಣುವ ಈ ತುಂಡು ಒಂಟಿಯಲ್ಲ, ದಡದ ನೆಲದ ಮೈಗೆ ಸೇರಿದ್ದು, ಆ ಮೈ ನೀರು ಕಾಯುವ ಕುಲಕ್ಕೆ ಸೇರಿದ್ದು ಎಂಬಷ್ಟೇ ಅದರ ಮಾತು. ಈ ಮಾತಿನ ಬೆಲೆ ತಿಳಿಯಬೇಕಾದರೆ ಅದು ಮರೆತುಹೋದ ಮೇಲೆ ಆ ತೀರದಲ್ಲಿ ಏನಾಯಿತು ಎಂಬುದನ್ನು ನೋಡಬೇಕು.

ಹಳೆಯ ಹವಾಯಿಯಲ್ಲಿ ಭೂಮಿಯನ್ನು ಬೆಟ್ಟದ ನೆತ್ತಿಯಿಂದ ಕಡಲ ಹವಳದಿಬ್ಬದ ತನಕ ಒಂದೇ ಪಟ್ಟಿಯಾಗಿ ಗುರುತಿಸುತ್ತಿದ್ದರು. ಅದಕ್ಕೆ 'ಅಹುಪುವಾ' ಎಂದು ಹೆಸರು. ಮೇಲೆ ಕಾಡು, ನಡುವೆ ಹೊಳೆಯ ನೀರಿನಿಂದ ತುಂಬುವ ಕೆಸುವಿನ ಗದ್ದೆ, ಕೆಳಗೆ ಮೀನುಕೆರೆ, ಆಚೆಗೆ ಕಡಲು. ಕುವಲೋವಾ ಅಂಥ ಒಂದು ಪಟ್ಟಿ, ಅದೂ ಬಹು ಪವಿತ್ರವೆನಿಸಿದ ನೆಲ. ಎದುರಿನ ಕಡಲಲ್ಲಿ ಹಾಯುವ ದೋಣಿಗಳು ಗೌರವ ಸೂಚಿಸಲು ಹಾಯಿ ಇಳಿಸುತ್ತಿದ್ದವೆಂದು ಹೇಳಿಕೆಯಿದೆ. 1850ರಲ್ಲಿ ಅರಸನು ಅಲ್ಲಿನ ಜಮೀನನ್ನು ತನ್ನ ಸಲಹೆಗಾರನಾಗಿದ್ದ ಅಮೆರಿಕದ ಮಿಷನರಿ ವೈದ್ಯನೊಬ್ಬನಿಗೆ ಮಾರಿದ. 1860ರ ದಶಕದಲ್ಲಿ ಅಲ್ಲಿ ಸಕ್ಕರೆ ಗಾಣ ಎದ್ದಿತು. ಮಳೆ ಸಾಲದೆ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಅದರ ಪಾಳುಗೋಡೆಗಳು ಈಗಲೂ ರಸ್ತೆಯ ಬದಿಗೆ ನಿಂತಿವೆ. ದ್ವೀಪದ ಇತರೆಡೆ ಕಬ್ಬು ಬೆಳೆಯಿತು. ಕಬ್ಬಿನ ಗದ್ದೆಗೆ 1852ರಿಂದ ಚೀನಾದ ಕೂಲಿಕಾರರು ಬಂದರು. ಅವರು ತೊಡುತ್ತಿದ್ದ ಶಂಕುವಿನಾಕಾರದ ಟೋಪಿಯನ್ನು ನಡುಗಡ್ಡೆ ಹೋಲುತ್ತದೆಂದು ಅದಕ್ಕೆ 'ಚೈನಾಮನ್ಸ್ ಹ್ಯಾಟ್' ಎಂಬ ಹೆಸರು ಬಿತ್ತು. ಪ್ರವಾಸಿಗರಲ್ಲಿ ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಆ ಹೆಸರೇ.

1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷೇ ಕಲಿಕೆಯ ಮಾಧ್ಯಮವಾಗಬೇಕೆಂಬ ಕಾನೂನು ಬಂದಿತು. ಹವಾಯಿ ಭಾಷೆ ಮನೆಗೆ ಸರಿಯಿತು, ಮುಂದೆ ಮನೆಗಳಿಂದಲೂ ಮಾಯವಾಗತೊಡಗಿತು. ಬಾಲ ಎಂಬ ಹೆಸರಿದ್ದಾಗ ಮೈ ಎಲ್ಲಿ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಟೋಪಿ ಎಂಬ ಹೆಸರಿಗೆ ಅಂಥ ಪ್ರಶ್ನೆಯಿಲ್ಲ. ಅದು ನೋಡಿ ನಕ್ಕು ಮುಂದೆ ಹೋಗುವ ವಸ್ತು. 1993ರಲ್ಲಿ ತೆರೆಕಂಡ 'ಜುರಾಸಿಕ್ ಪಾರ್ಕ್' ಚಲನಚಿತ್ರದ ಕೆಲವು ದೃಶ್ಯಗಳು ಚಿತ್ರೀಕರಣವಾದದ್ದು ಈ ನಡುಗಡ್ಡೆಗೆ ಎದುರಿಗಿರುವ ಕುವಲೋವಾದ ಕಣಿವೆಯಲ್ಲಿಯೇ. ದೈತ್ಯ ಹಲ್ಲಿಯ ಮೈ ಎಂದು ಹೇಳುವ ನೆಲದಲ್ಲಿ ಈಗ ಜನ ಸಿನಿಮಾದ ದೈತ್ಯ ಹಲ್ಲಿಗಳು ಓಡಿದ ಜಾಗವನ್ನು ಹಣ ಕೊಟ್ಟು ನೋಡುತ್ತಾರೆ.

ಟೋಪಿಯೆಂದು ಕರೆಸಿಕೊಂಡ ನಡುಗಡ್ಡೆಯ ಮೇಲೆ ಇನ್ನೊಂದು ಜೀವಿಯ ಸಂಸಾರ ಬೆಳೆದಿತ್ತು: ಕಪ್ಪು ಇಲಿ. ತೆಂಗಿನ ಮರ ಹತ್ತಿ ಎಳನೀರು ಕೊರೆಯುವ, ಅಟ್ಟದ ಮೇಲೆ ರಾತ್ರಿಯಿಡೀ ಓಡಾಡುವ ಇಲಿಯೇ ಇದು. ಇದರ ಮೂಲ ಭಾರತ ಉಪಖಂಡ. ಹಡಗುಗಳಲ್ಲಿ ಅವಿತು ಲೋಕವೆಲ್ಲ ಸುತ್ತಿದ ಈ ಇಲಿ 19ನೆಯ ಶತಮಾನದಲ್ಲಿ ಹವಾಯಿಯನ್ನೂ ಸೇರಿತು. ಮೊಕೊಲಿಇಯ ಪೊದೆಗಳ ಕೆಳಗೆ, ಮಣ್ಣಿನ ಬಿಲಗಳಲ್ಲಿ ಗೂಡು ಮಾಡುವ ಒಂದು ಕಡಲಹಕ್ಕಿಯಿದೆ. ಹವಾಯಿಯವರು ಅದನ್ನು ಉವಾವು ಕಾನಿ ಎನ್ನುತ್ತಾರೆ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿಯನ್ನು ಬಿಲದಲ್ಲಿ ಬಿಟ್ಟು ತಾಯಿತಂದೆಗಳೆರಡೂ ಮೀನಿಗಾಗಿ ಕಡಲಿಗೆ ಹೋಗುತ್ತವೆ. ನೆಲದ ಮೇಲಿನ ಬೇಟೆಗಾರ ಪ್ರಾಣಿಯನ್ನೇ ಕಾಣದ ದ್ವೀಪಗಳಲ್ಲಿ ರೂಢಿಯಾದ ನಡವಳಿಕೆ ಅದು. ಇಲಿಗೆ ಇದಕ್ಕಿಂತ ಸುಲಭದ ಊಟ ಬೇರೆ ಬೇಕಿರಲಿಲ್ಲ. 1999ರಿಂದ 2001ರವರೆಗಿನ ಮೂರು ವರ್ಷಗಳಲ್ಲಿ ಈ ನಡುಗಡ್ಡೆಯಿಂದ ರೆಕ್ಕೆ ಬಲಿತು ಹಾರಿದ ಮರಿ ಒಂದೇ ಒಂದು. 2002ರಲ್ಲಿ ಇಲಿಗಳನ್ನು ಸಂಪೂರ್ಣ ನಿರ್ಮೂಲ ಮಾಡಲಾಯಿತು. ಅದೇ ವರ್ಷ ನೂರಕ್ಕೂ ಹೆಚ್ಚು ಮರಿಗಳು ಹಾರಿದವು, ಮರುವರ್ಷ ಇನ್ನೂ ಹೆಚ್ಚು. ತೀರದ ಕೆಲವು ಸ್ಥಳೀಯ ಸಸ್ಯಗಳೂ ಚೇತರಿಸಿಕೊಂಡವು.

ಪರಿಸರ ಪುನಶ್ಚೇತನದ ಪಾಠಗಳಲ್ಲಿ ಇಂಥ ಉದಾಹರಣೆಗಳಿಗೆ ದೊಡ್ಡ ಸ್ಥಾನ. ಅದು ನ್ಯಾಯವೂ ಹೌದು. ಆದರೆ ಒಂದೇ ಋತುವಿನಲ್ಲಿ ಇಂಥ ಫಲ ಸಿಕ್ಕಿದ್ದು ಏಕೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸುತ್ತಲೂ ಕಡಲಿದೆ, ಗಡಿ ಸ್ಪಷ್ಟವಾಗಿದೆ, ಜಾಗದ ಮೇಲೆ ಯಾರ ಜೀವನವೂ ನಿಂತಿಲ್ಲ, ಶತ್ರು ಇಲಿ. ಇಲಿಯ ಪರವಾಗಿ ನ್ಯಾಯಾಲಯಕ್ಕೆ ಹೋಗುವವರು ಯಾರೂ ಇಲ್ಲ. ಬಾಲವನ್ನು ವಾಸಿಮಾಡುವುದು ಸುಲಭ. ಸಂರಕ್ಷಣೆಯ ಹಣವೂ ಛಾಯಾಚಿತ್ರವೂ ಹೆಚ್ಚಾಗಿ ಇಂಥ ಕಡೆಗೇ ಹರಿಯುವುದಕ್ಕೆ ಕಾರಣವಿದೆ. ಹಲ್ಲಿಯ ಉಳಿದ ಮೈ ಇರುವುದು ದಡದಲ್ಲಿ, ತಲೆ ಇರುವುದು ಬೆಟ್ಟದ ಒರತೆಯಲ್ಲಿ. ಅಲ್ಲಿನ ಗಾಯ ಬೇರೆಯೇ ಬಗೆಯದು.

ಕೋಓಲಾವು ಬೆಟ್ಟಸಾಲಿನ ಸ್ಥಿತಿಯನ್ನು ಸಹ್ಯಾದ್ರಿಯ ನಿವಾಸಿಗಳು ಒಂದೇ ಮಾತಿನಲ್ಲಿ ಅರ್ಥಮಾಡಿಕೊಳ್ಳುತ್ತಾರೆ. ಕಡಲಗಾಳಿ ಬೆಟ್ಟಕ್ಕೆ ಬಡಿದು ಈಚೆಯ ಮಗ್ಗುಲಿಗೆ ಮಳೆ ಸುರಿಸುತ್ತದೆ, ಆಚೆಯದು ಮಳೆನೆರಳು. ಮಳೆಯ ಮಗ್ಗುಲಲ್ಲಿ ಕೆಸು ಬೆಳೆಯುವ ಸಣ್ಣ ರೈತರು, ಮಳೆನೆರಳಿನ ವಿಶಾಲ ಬಯಲಿನಲ್ಲಿ ಕಬ್ಬಿನ ಕಂಪನಿ. ಬೆಟ್ಟದ ಒಡಲಲ್ಲಿ ಲಾವಾ ಹರಿದು ಗಟ್ಟಿಯಾದ ನಿಲುಗೋಡೆಗಳಿವೆ. ಅವುಗಳ ನಡುವಿನ ಸರಂಧ್ರ ಕಲ್ಲಿನಲ್ಲಿ ಮಳೆನೀರು ತುಂಬಿ ನಿಂತು, ಒರತೆಗಳ ಮೂಲಕ ವರ್ಷವಿಡೀ ಹೊಳೆಗಳಿಗೆ ಇಳಿಯುತ್ತಿತ್ತು. ಕಂಪನಿ ಬೆಟ್ಟವನ್ನು ಕೊರೆದು, ಈ ಗೋಡೆಗಳನ್ನು ಒಡೆದು, ಸುರಂಗದ ಮೂಲಕ ನೀರನ್ನು ಆಚೆಯ ಮಗ್ಗುಲಿಗೆ ಒಯ್ದಿತು. ವಾಯಾಹೋಲೆ ಕಾಲುವೆ ಎಂದು ಹೆಸರಾದ ಈ ಕಾಮಗಾರಿ 1916ರಲ್ಲಿ ಮುಗಿಯಿತು. ಅದು ಸಾಗಿಸುತ್ತಿದ್ದ ನೀರು ದಿನಕ್ಕೆ ಸರಾಸರಿ 10 ಕೋಟಿ ಲೀಟರಿನಷ್ಟು. ಬತ್ತಿದ್ದು ವಾಯಾಹೋಲೆ, ವಾಯಿಕಾನೆ, ಕಹಾನಾ ಮೊದಲಾದ ಹೊಳೆಗಳು. ಇವುಗಳಲ್ಲಿ ಮೊದಲೆರಡು ಮೊಕೊಲಿಇ ನಿಂತಿರುವ ಕೊಲ್ಲಿಗೇ ಬಂದು ಸೇರುತ್ತವೆ.

ಹೊಳೆ ಪೂರ್ತಿ ಬತ್ತಿರಲಿಲ್ಲ, ಸ್ವಲ್ಪ ನೀರು ಇತ್ತು, ಅದರಲ್ಲಿ ಕೃಷಿ ಮಾಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಕೆಸುವಿನ ಗುಣ ಅರಿತವರು ಹಾಗೆ ಕೇಳುವುದಿಲ್ಲ. ಮಲೆನಾಡಿನ ಹಿತ್ತಿಲಲ್ಲಿ, ಬಚ್ಚಲ ನೀರು ಹರಿಯುವಲ್ಲಿ ತಾನಾಗಿ ಬೆಳೆದು ಪತ್ರೊಡೆಗೋ ಸಾರಿಗೋ ಒದಗುವ ಕೆಸುವೇ ಹವಾಯಿಯಲ್ಲಿ ಮುಖ್ಯ ಆಹಾರ. ಅಷ್ಟೇ ಅಲ್ಲ, ಅದು ಮನುಷ್ಯನ ಅಣ್ಣ ಎಂದು ಅವರ ಇನ್ನೊಂದು ಹುಟ್ಟಿನ ಕಥೆ ಹೇಳುತ್ತದೆ: ಹುಟ್ಟುವಾಗಲೇ ಸತ್ತ ಮೊದಲ ಮಗುವನ್ನು ಹೂತ ಜಾಗದಲ್ಲಿ ಮೊಳೆತದ್ದು ಕೆಸು, ಆಮೇಲೆ ಹುಟ್ಟಿದವನು ಮನುಷ್ಯ. ಅಲ್ಲಿ ಇದನ್ನು ಬತ್ತದಂತೆ ನೀರು ನಿಲ್ಲಿಸಿದ ಗದ್ದೆಯಲ್ಲಿ ಬೆಳೆಯುತ್ತಾರೆ. ಆದರೆ ನೀರು ನಿಂತರೆ ಸಾಲದು, ಹರಿಯುತ್ತಿರಬೇಕು, ತಂಪಾಗಿರಬೇಕು. ಗದ್ದೆಯ ನೀರಿನ ಉಷ್ಣತೆ ಸುಮಾರು 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪಿತಿಯಂ ಎಂಬ ರೋಗಾಣು ಬಲಗೊಂಡು ಗಡ್ಡೆ ಕೊಳೆಯತೊಡಗುತ್ತದೆ. ಹೊಳೆಯ ಹರಿವು ಕುಗ್ಗಿದಷ್ಟೂ ನೀರು ನಿಧಾನವಾಗಿ ಚಲಿಸಿ ಬಿಸಿಲಿಗೆ ಕಾಯುತ್ತದೆ. ಆದ್ದರಿಂದ ಅರ್ಧ ನೀರು ಎಂದರೆ ಅರ್ಧ ಬೆಳೆಯಲ್ಲ. ಲೆಕ್ಕದ ಪುಸ್ತಕದಲ್ಲಿ ಉಳಿದಂತೆ ಕಾಣುವ ನೀರು ಗದ್ದೆಯಲ್ಲಿ ರೋಗವಾಗುತ್ತದೆ.

ಹೊಳೆಯ ಮೀನುಗಳದ್ದೂ ಇದೇ ಬಗೆಯ ಕಷ್ಟ. ಹವಾಯಿಯ ಸಿಹಿನೀರಿನಲ್ಲಿ ವಾಸಿಸುವ ಓವೊಪು ಎಂಬ ಸಣ್ಣ ಮೀನುಗಳು ಹೊಳೆಯಲ್ಲಿ ಮೊಟ್ಟೆಯಿಡುತ್ತವೆ. ಒಡೆದ ಮರಿ ಪ್ರವಾಹದೊಡನೆ ಕಡಲು ಸೇರಿ ಕೆಲವು ತಿಂಗಳು ಅಲ್ಲಿ ಬೆಳೆದು ಮತ್ತೆ ಹೊಳೆಗೆ ಬರುತ್ತದೆ. ಅವುಗಳಲ್ಲಿ ಕೆಲವು ಜಾತಿಗಳು ಹೊಟ್ಟೆಯಡಿಯ ರೆಕ್ಕೆಯನ್ನೇ ಹೀರುಬಟ್ಟಲಿನಂತೆ ಬಂಡೆಗೆ ಅಂಟಿಸಿಕೊಂಡು ಜಲಪಾತಗಳನ್ನು ಏರುತ್ತವೆ. ಹೊಳೆ ಕಡಲನ್ನು ಮುಟ್ಟದಿದ್ದರೆ ಈ ಸುತ್ತು ಅಲ್ಲಿಗೇ ಕಡಿಯುತ್ತದೆ. ಇನ್ನು ಮೀನುಕೆರೆಗಳು. ಕಲ್ಲು, ಹವಳಗಳಿಂದ ಕಟ್ಟಿದ ಉದ್ದನೆಯ ಒಡ್ಡು, ನಡುನಡುವೆ ಮರದ ಸಳಿಗಳ ಗೇಟು. ಮರಿಮೀನು ಸಂದಿನಲ್ಲಿ ತೂರಿ ಒಳಬರುತ್ತದೆ, ಒಳಗೆ ಕೊಬ್ಬಿದ ಮೇಲೆ ಹೊರಹೋಗಲಾರದು. ಹೊಳೆಯ ಸಿಹಿನೀರು ಉಪ್ಪುನೀರಿನೊಡನೆ ಬೆರೆತರೆ ಮಾತ್ರ ಮೀನಿಗೆ ಬೇಕಾದ ಪಾಚಿ ಹುಲುಸಾಗಿ ಬೆಳೆಯುತ್ತದೆ. ಅಘನಾಶಿನಿಯ ಗಜನಿ ಗದ್ದೆಗಳನ್ನು ಕಂಡವರು ಈ ಏರ್ಪಾಡನ್ನು ತಕ್ಷಣ ಗುರುತಿಸಿಯಾರು. ಕಡಲಿಗೆ ಹರಿಯುವ ನೀರು ವ್ಯರ್ಥ ಎಂಬ ಮಾತನ್ನು ಈ ಕೆರೆಯ ಒಡ್ಡಿನ ಮೇಲೆ ನಿಂತು ಹೇಳುವುದು ಕಷ್ಟ.

ನದಿ ತಿರುವಿನ ಮಾತು ಕೇಳುತ್ತಲೇ ಬಂದಿರುವ ಮಲೆನಾಡಿಗರು ಮುಂದಿನ ಭಾಗವನ್ನು ವಿಶೇಷವಾಗಿ ಗಮನಿಸಬೇಕು. 1990ರ ದಶಕದ ಆರಂಭದಲ್ಲಿ ಸಕ್ಕರೆ ಕಂಪನಿ ತನ್ನ ಕೆಲಸ ನಿಲ್ಲಿಸುವುದಾಗಿ ಪ್ರಕಟಿಸಿತು; ಕಡೆಯ ಕೊಯ್ಲು ಮುಗಿದದ್ದು 1995ರಲ್ಲಿ. ಕಬ್ಬು ಹೋದರೆ ನೀರು ತಾನಾಗಿ ಹೊಳೆಗೆ ಮರಳುತ್ತದೆ ಎಂದು ಈಚೆಯ ರೈತರು ನಂಬಿದ್ದರು. ಹಾಗಾಗಲಿಲ್ಲ. ಬಳಸುವವರಿಲ್ಲದ ನೀರನ್ನು ಆಚೆಯ ಮಗ್ಗುಲಿನ ಹಳ್ಳಗಳಿಗೆ ಸುರಿಯಲಾಗುತ್ತಿತ್ತು. ಹೊಳೆಯಲ್ಲಿ ಹರಿದರೆ ವ್ಯರ್ಥ ಎನ್ನಿಸಿದ ನೀರು ಹೀಗೆ ನಿಜಕ್ಕೂ ವ್ಯರ್ಥವಾಗುತ್ತಿದ್ದುದನ್ನು ಊರವರು ಹೊರಗೆಳೆದರು. 1994ರ ಕೊನೆಯಲ್ಲಿ ತಾತ್ಕಾಲಿಕ ಒಪ್ಪಂದವೊಂದರ ಮೂಲಕ ಒಂದು ಭಾಗ ಹೊಳೆಗಳಿಗೆ ಮರಳಿತು. ಆಮೇಲೆ ವಸತಿ ಬಡಾವಣೆ, ಗಾಲ್ಫ್ ಮೈದಾನ, ಬೇರೆ ಬೆಳೆಗಳ ಹೆಸರಿನಲ್ಲಿ ಅದೇ ನೀರಿಗೆ ಹಕ್ಕುದಾರರು ಸಾಲುಗಟ್ಟಿದರು. ರಾಜ್ಯದ ಜಲ ಆಯೋಗದ ಮುಂದೆ ದೀರ್ಘ ವಿಚಾರಣೆ ನಡೆದು 1997ರಲ್ಲಿ ತೀರ್ಪು ಬಂದಿತು. ಅದರ ಮೇಲ್ಮನವಿಯನ್ನು ಹವಾಯಿಯ ಸರ್ವೋಚ್ಚ ನ್ಯಾಯಾಲಯ 2000ನೇ ಇಸವಿಯ ಆಗಸ್ಟ್‌ನಲ್ಲಿ ಇತ್ಯರ್ಥಪಡಿಸಿತು. ನೀರು ಸಾರ್ವಜನಿಕ ನ್ಯಾಸ, ಸರಕಾರ ಅದರ ಒಡೆಯನಲ್ಲ, ಧರ್ಮದರ್ಶಿ. ಹೊಳೆಯಲ್ಲಿ ಹರಿಯುವುದೂ ನೀರಿನ ಒಂದು ಬಳಕೆಯೇ. ಹೊಳೆಯಿಂದ ತೆಗೆಯಬೇಕೆನ್ನುವವನೇ ತನ್ನ ಅಗತ್ಯವನ್ನು ಸಾಬೀತುಪಡಿಸಬೇಕು. ವೈಜ್ಞಾನಿಕ ಮಾಹಿತಿ ಅಪೂರ್ಣವಾಗಿದ್ದಲ್ಲಿ ಸಂದೇಹದ ಲಾಭ ಹೊಳೆಗೆ ಸಲ್ಲಬೇಕು. ನ್ಯಾಯಾಲಯ ಎತ್ತಿಹಿಡಿದ ತತ್ತ್ವಗಳ ಸಾರ ಇದು. ಈ ತೀರ್ಪು ಗಾಳಿಯಿಂದ ಬಂದದ್ದಲ್ಲ. 1978ರಲ್ಲಿ ರಾಜ್ಯದ ಸಂವಿಧಾನಕ್ಕೆ ತಂದ ತಿದ್ದುಪಡಿಯಲ್ಲಿ ನೀರಿನ ನ್ಯಾಸತತ್ತ್ವ ಸೇರಿತ್ತು. ಹವಾಯಿ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿದ್ದೂ ಅದೇ ವರ್ಷ.

ಭಾಷೆ, ನೀರು ಎರಡೂ ಒಂದೇ ವರ್ಷ ಸಂವಿಧಾನ ಸೇರಿದ್ದು ಕಾಕತಾಳೀಯವಲ್ಲ. ಅದಕ್ಕೆ ಮೂರು ವರ್ಷ ಮೊದಲು, 1975ರ ಮಾರ್ಚ್‌ನಲ್ಲಿ, ಇದೇ ಕುವಲೋವಾ ತೀರದಿಂದ ಹೋಕೂಲೆಯಾ ಎಂಬ ಜೋಡಿದೋಣಿಯನ್ನು ನೀರಿಗಿಳಿಸಲಾಯಿತು. 1976ರಲ್ಲಿ ಅದು ಯಾವ ಉಪಕರಣವೂ ಇಲ್ಲದೆ, ಸತವಾಲ್ ದ್ವೀಪದ ನಾವಿಕ ಮಾವು ಪಿಯಾಲುಗ್‌ನ ಮಾರ್ಗದರ್ಶನದಲ್ಲಿ, ನಕ್ಷತ್ರ, ಅಲೆ, ಹಕ್ಕಿಗಳನ್ನು ನೋಡಿಕೊಂಡು ಟಹೀಟಿ ತಲಪಿತು. ಹಿರಿಯರು ಹೇಳುತ್ತಿದ್ದುದು ಬರಿಯ ಕಟ್ಟುಕಥೆಯಲ್ಲ ಎಂಬ ಧೈರ್ಯ ಒಂದಿಡೀ ಪೀಳಿಗೆಗೆ ಬಂದದ್ದು ಆಗ. ಹೊಳೆಗಾಗಿ ವಾದಿಸಿದವರಲ್ಲಿ ಆ ಪೀಳಿಗೆಯ ಕೆಸು ಬೆಳೆಗಾರರಿದ್ದರು. ಅವರ ಜೊತೆಗೆ ಜಲವಿಜ್ಞಾನದ ಅಂಕಿಅಂಶಗಳೂ ವಕೀಲರೂ ಇದ್ದರು ಎಂಬುದನ್ನು ಮರೆಯಬಾರದು. ಕಥೆಯೊಂದೇ ಹೊಳೆಗೆ ನೀರು ತರಲಿಲ್ಲ. ಯಾವ ನೀರು ಎಲ್ಲಿಗೆ ಸೇರಿದ್ದು ಎಂಬುದು ಮಾತ್ರ ಅವರಿಗೆ ಅಂಕಿಅಂಶ ಕೈಸೇರುವ ಮೊದಲೇ ಗೊತ್ತಿತ್ತು.

ಪ್ರಕರಣ ಅಲ್ಲಿಗೇ ಮುಗಿಯಲಿಲ್ಲ. ಆಯೋಗ ಮತ್ತೆ ಹಂಚಿಕೆ ಮಾಡಿತು, 2004ರಲ್ಲಿ ಅದೂ ನ್ಯಾಯಾಲಯದಿಂದ ಹಿಂದಕ್ಕೆ ಬಂದಿತು. ಕಾಲುವೆಯನ್ನು 1999ರಲ್ಲಿ ರಾಜ್ಯ ಸರಕಾರದ ಕೃಷಿ ಸಂಸ್ಥೆಯೊಂದು ಕೊಂಡುಕೊಂಡಿತ್ತು. ಇಂದಿಗೂ ಒಂದು ಪಾಲು ನೀರು ಬೆಟ್ಟದ ಸುರಂಗದೊಳಗೆ ಆಚೆಗೆ ಹರಿದು ಬಯಲಿನ ತರಕಾರಿ, ಹಣ್ಣಿನ ಬೆಳೆಗಳನ್ನು ತಣಿಸುತ್ತದೆ. ಅಲ್ಲಿಯೂ ರೈತರಿದ್ದಾರೆ, ಅವರಿಗೂ ನೀರು ಬೇಕು. ಆದ್ದರಿಂದ ಇದು ಇಲಿಯ ಪ್ರಶ್ನೆಯಷ್ಟು ಸರಳವಲ್ಲ. ಹೇಯಿಯಾದಲ್ಲಿ 1965ರ ನೆರೆಗೆ ಒಡೆದಿದ್ದ ಮೀನುಕೆರೆಯ ದೊಡ್ಡ ಕಂಡಿಯನ್ನು ಸ್ಥಳೀಯ ಯುವಕರ ಸಂಘಟನೆಯೊಂದು ನೂರಾರು ಜನರ ಶ್ರಮದಿಂದ 2015ರಲ್ಲಿ ಮುಚ್ಚಿತು. ಮೆಹೆಯಾನು ಕಾಯುತ್ತಾಳೆಂದು ಹೇಳುವ ಕೆರೆ ಅದೇ.

ಮೊಕೊಲಿಇಯಲ್ಲಿ ಇಳಿತದ ವೇಳೆ ಪ್ರವಾಸಿಗರು ಸೊಂಟದ ನೀರಿನಲ್ಲಿ ನಡೆದೋ ಸಣ್ಣ ದೋಣಿ ಹುಟ್ಟುಹಾಕಿಯೋ ದಾಟಿ, ತುದಿಯವರೆಗೆ ಏರಿ ಚಿತ್ರ ತೆಗೆದುಕೊಳ್ಳುತ್ತಾರೆ. ಕಾಲುದಾರಿ ಬಿಟ್ಟು ಹೆಜ್ಜೆಯಿಟ್ಟರೆ ಹಕ್ಕಿಯ ಬಿಲ ಕುಸಿಯುತ್ತದೆ. ಮರಿಗಳು ರೆಕ್ಕೆ ಬಲಿತು ಹೊರಡುವುದು ನವೆಂಬರಿನಲ್ಲಿ, ರಾತ್ರಿಯ ಹೊತ್ತು. ದಡದ ದೀಪಗಳಿಗೆ ಕಣ್ಣು ಕೋರೈಸಿದವು ಕಡಲಿಗೆ ಹೋಗುವ ಬದಲು ಹೆದ್ದಾರಿಯ ಮೇಲೆ ಬೀಳುತ್ತವೆ.